ಗಡಿ ಸೀಮೆಯ ಸನ್ಯಾಸಿ: ಸ್ವಾಮಿ ರಾಮಾನಂದ ತೀರ್ಥರು

ವಲಾಂಡಿ ಎಂಬ ಊರಿನ ಹೆಸರನ್ನು ನಮ್ಮ ಜಿಲ್ಲೆಯ ಓದುಗರಲ್ಲಿ ಹೆಚ್ಚಿನವರು ಕೇಳಿರಲಾರರು. ಮಹಾರಾಷ್ಟ್ರದ ಲಾತೂರು ಜಿಲ್ಲೆಯಲ್ಲಿ, ನಿಲಂಗಾ ಮತ್ತು ಉದಗೀರಗಳ ನಡುವೆ, ನಮ್ಮ ಬೀದರ ಜಿಲ್ಲೆಯ ಗಡಿಗೆ ಹತ್ತಿರವಿರುವ ಊರು ಅದು. ಉಮರ್ಗಾದಿಂದ ಉದಗೀರದವರೆಗಿನ ಆ ಸೀಮೆಯಲ್ಲಿ ಒಲೆಯ ಮುಂದೆ ಕನ್ನಡ, ಶಾಲೆಯಲ್ಲಿ ಮರಾಠಿ, ಸಂತೆಯಲ್ಲಿ ದಖನಿ ಉರ್ದು ಆಡುವ ಮನೆಗಳು ಇಂದಿಗೂ ಇವೆ. ಮನೆಯಲ್ಲಿ ತುಳು, ತರಗತಿಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಆಡುವ ಮಕ್ಕಳಿಗೆ ಪಾಠ ಹೇಳುವ ನಮಗೆ ಇದು ಸೋಜಿಗವಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ದಿನ ನಿಲಂಗಾ, ಉದಗೀರ ತಾಲೂಕುಗಳು ಬೀದರಿನಿಂದ ಕಳಚಿ ಮುಂಬಯಿ ರಾಜ್ಯಕ್ಕೆ ಹೋದವು. ಹೈದರಾಬಾದ್ ಸಂಸ್ಥಾನವನ್ನು ಹಾಗೆ ಭಾಷಾವಾರು ಒಡೆಯಬೇಕೆಂದು ಪಟ್ಟು ಹಿಡಿದವರಲ್ಲಿ ಮುಖ್ಯರು ಸ್ವಾಮಿ ರಾಮಾನಂದ ತೀರ್ಥರು. ಮರಾಠವಾಡದವರು ಅವರನ್ನು ತಮ್ಮವರೆನ್ನುತ್ತಾರೆ. ಹುಟ್ಟಿದ್ದು ಮಾತ್ರ ಕನ್ನಡ ನೆಲದಲ್ಲಿ.

ಆ ನೆಲ ಬೆರಕೆಗೆ ಹೊಸದಲ್ಲ. ಇರಾನಿನಿಂದ ಬಂದ ಮಹಮೂದ್ ಗಾವಾನ್ 15ನೆಯ ಶತಮಾನದಲ್ಲಿ ಬೀದರಿನಲ್ಲಿ ಮಂತ್ರಿಯಾಗಿ ಕಟ್ಟಿಸಿದ ಮದರಸಾ ಇಂದಿಗೂ ನಿಂತಿದೆ. 1760ರಲ್ಲಿ ಮರಾಠರೂ ನಿಜಾಮನ ಸೇನೆಯೂ ಕಾದಾಡಿದ್ದು ಉದಗೀರದಲ್ಲಿ. ನಾವು ಕನ್ನಡವೆಂದೇ ಬಳಸುವ ತಾಲೂಕು, ಅರ್ಜಿ, ವಕೀಲ, ದಫ್ತರಗಳು ಪರ್ಷಿಯನ್, ಅರಬ್ಬಿ ದಾರಿಯಿಂದ ಬಂದವು. ವಲಾಂಡಿಯ ನೆರೆಯ ದೇವಣಿಯ ಹೆಸರು ಹೊತ್ತ ದನದ ತಳಿಯೇ ಗೀರ್, ಡಾಂಗಿ ಮತ್ತು ಊರ ದನಗಳ ಕೂಡಿಕೆಯಿಂದ ಬಂದದ್ದಂತೆ. ಉಳುಮೆಗೂ ಹಾಲಿಗೂ ಒದಗುವ ತಳಿಯೆಂದು ರೈತರು ಅದನ್ನು ಮೆಚ್ಚುತ್ತಾರೆ, ಜಾತಿ ಕೇಳುವುದಿಲ್ಲ.

ಸ್ವಾಮಿಯವರ ಪೂರ್ವಾಶ್ರಮದ ಹೆಸರು ವೆಂಕಟೇಶ ಖೇಡಗೀಕರ. 1903ರ ಅಕ್ಟೋಬರ್ 3ರಂದು ವಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ ಜನಿಸಿದರು. ಪ್ರೌಢಶಾಲೆ ಓದಿದ್ದು ಸೊಲ್ಲಾಪುರದಲ್ಲಿ, ಕನ್ನಡ, ಮರಾಠಿ, ತೆಲುಗು ಮೂರೂ ಕಿವಿಗೆ ಬೀಳುವ ಗಿರಣಿಗಳ ಊರಿನಲ್ಲಿ. 1920ರ ಆಗಸ್ಟ್ 1ರಂದು ಲೋಕಮಾನ್ಯ ತಿಲಕರು ತೀರಿಕೊಂಡಾಗ, ಮದುವೆಯಾಗದೆ ದೇಶಸೇವೆಯಲ್ಲಿ ಬಾಳುವ ಸಂಕಲ್ಪವನ್ನು ಈ ಹುಡುಗ ಮಾಡಿದನು. ಅಸಹಕಾರ ಚಳವಳಿಯಲ್ಲಿ ಸರಕಾರಿ ಶಾಲೆ ಬಿಟ್ಟು ರಾಷ್ಟ್ರೀಯ ವಿದ್ಯಾಲಯಗಳಲ್ಲಿ ಓದಿ, ಪುಣೆಯ ತಿಲಕ ವಿದ್ಯಾಪೀಠದಿಂದ ಎಂ.ಎ. ಪಡೆದರು. ಬಳಿಕ ಕಾರ್ಮಿಕ ನಾಯಕ ಎನ್. ಎಂ. ಜೋಶಿಯವರ ಬಳಿ ಕೆಲಕಾಲ ದುಡಿದರು.

1929ರಲ್ಲಿ ಅವರು ಹಿಪ್ಪರಗಾ ಎಂಬ ಹಳ್ಳಿಗೆ ಮುಖ್ಯೋಪಾಧ್ಯಾಯರಾಗಿ ಬಂದರು. ಉಮರ್ಗಾ ಸೀಮೆಯ ಆ ಹಳ್ಳಿಯಲ್ಲಿ 1921ರಿಂದ ಒಂದು ರಾಷ್ಟ್ರೀಯ ಶಾಲೆ ನಡೆಯುತ್ತಿತ್ತು. ಅವರ ಬದುಕಿನಲ್ಲಿ ನಮ್ಮಂಥ ಮಾಸ್ತರುಗಳಿಗೆ ಹೆಚ್ಚು ಹತ್ತಿರವಾದ ಭಾಗ ಇದೇ. ಅಂದಿನ ಹೈದರಾಬಾದ್ ಸಂಸ್ಥಾನದಲ್ಲಿ 16 ಜಿಲ್ಲೆಗಳು: ತೆಲುಗಿನವು 8, ಮರಾಠಿಯವು 5, ಕನ್ನಡದವು 3. ಆದರೆ ದರಬಾರಿನ ಭಾಷೆ ಉರ್ದು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮವೂ ಉರ್ದುವೇ. ದೇಶೀ ಭಾಷೆಯೊಂದರಲ್ಲಿ ವೈದ್ಯ, ವಿಜ್ಞಾನಗಳನ್ನೆಲ್ಲ ಕಲಿಸಿದ್ದು ದೊಡ್ಡ ಸಾಹಸವೆಂಬುದನ್ನು ನಾವು ಒಪ್ಪಲೇಬೇಕು. ಆದರೆ ಆ ಭಾಷೆ ಬಹುಪಾಲು ಪ್ರಜೆಗಳ ಮನೆಯದಾಗಿರಲಿಲ್ಲ. ಇಂಥಲ್ಲಿ ಮರಾಠಿಯಲ್ಲಿ ಪಾಠ ಹೇಳುವ ಖಾಸಗಿ ಶಾಲೆ ನಡೆಸುವುದೇ ಒಂದು ರಾಜಕೀಯವಾಗಿತ್ತು. ಬೀದರಿನ ಕಡೆ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗಹಾಕಿ ಒಳಗೆ ಕನ್ನಡ ಕಲಿಸಿದರೆಂದು ಜನ ಹೇಳುವುದೂ ಇದೇ ಕಾಲದ ಕಥೆ.

1930ರ ದಶಕದ ಆರಂಭದಲ್ಲಿ ವೆಂಕಟೇಶರು ಸನ್ಯಾಸ ಸ್ವೀಕರಿಸಿ ರಾಮಾನಂದ ತೀರ್ಥರಾದರು. ಕಾವಿ ಉಟ್ಟ ಮೇಲೂ ತರಗತಿಯನ್ನು ಬಿಡಲಿಲ್ಲ. 1935ರಲ್ಲಿ ಅಂಬಾಜೋಗಾಯಿಯ ಶಾಲೆಗೆ ಹೋದರು. ರಾಜಕೀಯ ಅವರನ್ನು ಪೂರ್ತಿಯಾಗಿ ಎಳೆದುಕೊಂಡದ್ದು 1938ರಲ್ಲಿ. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಹುಟ್ಟುವ ಮೊದಲೇ ನಿಜಾಮ ಸರಕಾರ ಅದನ್ನು ನಿಷೇಧಿಸಿತು, ಸತ್ಯಾಗ್ರಹ ನಡೆಯಿತು, ಸ್ವಾಮಿ ಸೆರೆಮನೆ ಸೇರಿದರು. ಮುಂದಿನ ಹತ್ತು ವರ್ಷಗಳಲ್ಲಿ ಸೆರೆಮನೆ ಅವರಿಗೆ ಬಳಕೆಯ ಜಾಗವಾಯಿತು. 1947ರ ಆಗಸ್ಟ್ 15ರಂದು ಹೈದರಾಬಾದಿನಲ್ಲಿ ತ್ರಿವರ್ಣ ಧ್ವಜ ಹಾರಿಸಿ ಬಂಧನಕ್ಕೊಳಗಾದರು. ಮತ್ತೆ ಬಿಡುಗಡೆ, ಮತ್ತೆ ಬಂಧನ. 1948ರ ಸೆಪ್ಟೆಂಬರ್ 17ರಂದು ನಿಜಾಮನ ಸೇನೆ ಶರಣಾದ ಮೇಲೆಯೇ ಅವರು ಹೊರಬಂದದ್ದು. ಕನ್ನಡಿಗರು, ತೆಲುಗರು, ಮರಾಠಿಗರು ಮೂವರೂ ಆ ಹೋರಾಟದಲ್ಲಿ ಅವರನ್ನು ಮುಂದಾಳೆಂದು ಒಪ್ಪಿದ್ದರು.

1952ರ ಮೊದಲ ಮಹಾಚುನಾವಣೆಯಲ್ಲಿ ಅವರು ಲೋಕಸಭೆಗೆ ಹೋದದ್ದು ಗುಲಬರ್ಗದಿಂದ, 1957ರಲ್ಲಿ ಔರಂಗಾಬಾದಿನಿಂದ. ಮೊದಲು ಕನ್ನಡಿಗರ, ಬಳಿಕ ಮರಾಠಿಗರ ಪ್ರತಿನಿಧಿ. ಇಂಥವರು ಸಂಸ್ಥಾನವನ್ನು ಭಾಷೆಯ ಗೆರೆಯಲ್ಲಿ ಸೀಳಬೇಕೆಂದು ಹೇಳಿದ್ದು ಮೇಲ್ನೋಟಕ್ಕೆ ವಿಚಿತ್ರ. ನೆಹರೂ ಅವರಿಗಂತೂ ಬಹುಕಾಲ ಅದು ರುಚಿಸಲಿಲ್ಲ. ಹೈದರಾಬಾದಿನ ಕೂಡು ಸಂಸ್ಕೃತಿ ಒಡೆದುಹೋದೀತೆಂಬುದು ಅವರ ಅಳುಕು. ನಮ್ಮ ಅಭಿಪ್ರಾಯದಲ್ಲಿ ಸ್ವಾಮಿಯವರ ನಿಲುವಿನಲ್ಲಿ ವಿರೋಧವಿಲ್ಲ. ಮೇಲಿನಿಂದ ಒಂದೇ ಭಾಷೆ ಹೇರಿ ಆದ ಬೆರಕೆಯನ್ನು ಅವರು ಶಾಲೆಯ ಬೆಂಚಿನ ಕಡೆಯಿಂದ ನೋಡಿದ್ದರು. ಅರ್ಜಿ ಬರೆಯಲು ಪರರ ಮನೆ ಬಾಗಿಲು ಕಾಯುವ ರೈತನಿಗೆ ಕೂಡು ಸಂಸ್ಕೃತಿಯ ಸೊಗಸು ಕಾಣುವುದಾದರೂ ಹೇಗೆ?

ಆದರೆ ಗೆರೆ ಎಳೆದಾಗ ಬೀದರ ಜಿಲ್ಲೆಯೇ ಮೂರು ಪಾಲಾಯಿತು. ಅಹಮದಪುರ, ನಿಲಂಗಾ, ಉದಗೀರಗಳು ಮುಂಬಯಿಗೆ, ಜಹೀರಾಬಾದ್ ಕಡೆಯ ಭಾಗ ಆಂಧ್ರಕ್ಕೆ, ಉಳಿದದ್ದು ಮೈಸೂರಿಗೆ. ತಾಲೂಕನ್ನು ಒಂದು ಭಾಷೆಗೆ ಕೊಡಬಹುದು, ಅದರೊಳಗಿನ ಪ್ರತಿ ಅಡುಗೆಮನೆಯನ್ನು ಕೊಡಲಾಗದು. ಅಂಥ ಮನೆಗಳಿಗೆಂದೇ ಅದೇ ವರ್ಷ ಸಂವಿಧಾನದ ಏಳನೆಯ ತಿದ್ದುಪಡಿಯಲ್ಲಿ 350ಎ ವಿಧಿ ಬಂತು: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲ. ನಮ್ಮಲ್ಲಿ ಕನ್ನಡ ಶಾಲೆಗಳು ಉಳಿದುಕೊಂಡವು, ಅಕ್ಕಲಕೋಟೆ, ಜತ್ತಗಳಲ್ಲೂ ಉಳಿದವು. ನಿಲಂಗಾ, ಉದಗೀರಗಳ ಕಡೆ ಕನ್ನಡ ಬಹುಮಟ್ಟಿಗೆ ಮಾತಾಗಿ ಉಳಿಯಿತು, ಅಕ್ಷರವಾಗಲಿಲ್ಲ. ಆಡುಮಾತು ಗಟ್ಟಿಯೇ ಇರಬಹುದು. ಆದರೆ ಅಜ್ಜಿಯ ಮಾತಿಗೆ ಮೊಮ್ಮಗ ಕಾಗದದಲ್ಲಿ ಉತ್ತರ ಬರೆಯಲಾರ.

ಸ್ವಾಮಿಯವರ ಶಿಷ್ಯರಲ್ಲಿ ಒಬ್ಬರ ಹೆಸರನ್ನು ಇಲ್ಲಿ ಹೇಳಲೇಬೇಕು. 1938ರ ವಂದೇ ಮಾತರಂ ಚಳವಳಿಯಿಂದಾಗಿ ಉಸ್ಮಾನಿಯಾ ಬಿಟ್ಟು ನಾಗಪುರದಲ್ಲಿ ಓದು ಮುಂದುವರಿಸಿದ ಪಿ. ವಿ. ನರಸಿಂಹರಾಯರು ಅವರ ನಿಕಟವರ್ತಿ. ತೆಲುಗು ಕಾದಂಬರಿಯನ್ನು ಹಿಂದಿಗೂ, ಮರಾಠಿ ಕಾದಂಬರಿಯನ್ನು ತೆಲುಗಿಗೂ ತಂದವರು ಅವರು. ಅವರೇ 1991ರಲ್ಲಿ ಪ್ರಧಾನಿಯಾಗಿ ದೇಶದ ಮಾರುಕಟ್ಟೆಯನ್ನು ಜಗತ್ತಿಗೆ ತೆರೆದರು. ಅಂದಿನಿಂದ ನಮ್ಮ ಗಡಿಯಲ್ಲೂ ಆ ಗಡಿಯಲ್ಲೂ ಹೊಸ ಬೆರಕೆ ನಡೆದಿದೆ. ಇಲ್ಲಿಂದ ಕೊಲ್ಲಿ ದೇಶಕ್ಕೆ, ಅಲ್ಲಿಂದ ಪುಣೆ, ಮುಂಬಯಿ, ಹೈದರಾಬಾದುಗಳಿಗೆ ಮಕ್ಕಳು ಹೋಗುತ್ತಾರೆ. ಮೂರು ಭಾಷೆಯ ಹಾಡು ಒಂದೇ ಮೊಬೈಲಿನಲ್ಲಿ ಕೇಳುತ್ತಾರೆ. ಇದಕ್ಕೆ ನಾವು ಹೆದರುವವರಲ್ಲ, ಗಡಿಯವರಿಗೆ ಬೆರಕೆ ಹುಟ್ಟಿನಿಂದಲೇ ಗೊತ್ತು. ಈ ಸಲ ಇಂಗ್ಲಿಷ್ ಮಾಧ್ಯಮಕ್ಕೆ ಮಕ್ಕಳನ್ನು ಕಳಿಸುತ್ತಿರುವವರು ನಿಜಾಮರಲ್ಲ, ನಮ್ಮ ತಂದೆತಾಯಿಗಳೇ ಎಂಬುದಷ್ಟೇ ನಮ್ಮನ್ನು ಕಾಡುವುದು. ಮರಾಠಿ ಶಾಲೆಯೂ ಅದರಿಂದ ಪಾರಾಗಿಲ್ಲವೆನ್ನುತ್ತಾರೆ.

ಹೋರಾಟದ ನೆನಪುಗಳನ್ನು ಸ್ವಾಮಿಯವರು 1967ರಲ್ಲಿ ಪುಸ್ತಕವಾಗಿ ತಂದರು, ಇಂಗ್ಲಿಷಿನಲ್ಲಿ. 1972ರ ಜನವರಿ 22ರಂದು ಹೈದರಾಬಾದಿನಲ್ಲಿ ತೀರಿಕೊಂಡರು. 1994ರ ಸೆಪ್ಟೆಂಬರ್ 17ರಂದು ನಾಂದೇಡಿನಲ್ಲಿ ಅವರ ಹೆಸರಿನ ವಿಶ್ವವಿದ್ಯಾಲಯ ಆರಂಭವಾಯಿತು. ಲಾತೂರು ಜಿಲ್ಲೆಯ ಕಾಲೇಜುಗಳು ಅದರ ವ್ಯಾಪ್ತಿಗೆ ಸೇರಿದವು. ಹೀಗಾಗಿ ವಲಾಂಡಿಯ ಕನ್ನಡ ಮನೆಯ ಹುಡುಗಿಯೊಬ್ಬಳು ಉದಗೀರದಲ್ಲಿ ಬಿ.ಎ. ಮುಗಿಸಿದರೆ, ಅವಳ ಪದವಿ ಪತ್ರದ ಮೇಲಿರುವುದು ಸಿಂದಗಿಯಲ್ಲಿ ಹುಟ್ಟಿದ ಈ ಮಾಸ್ತರರ ಹೆಸರು.