ಜ್ಞಾನಸ್ನಾನದ ನಂತರದ ನಲವತ್ತಮೂರು ವರ್ಷಗಳು

ಆಗಸ್ಟ್ 27ರಂದು ಸಂತ ಮೋನಿಕಾರ, ಮರುದಿನ ಅವರ ಮಗ ಸಂತ ಅಗಸ್ಟೀನರ ಸ್ಮರಣೆಯನ್ನು ಧರ್ಮಸಭೆಯು ಆಚರಿಸುತ್ತದೆ. ತಾಯಿಯ ಕಣ್ಣೀರು ಮತ್ತು ಮಗನ ಮನಃಪರಿವರ್ತನೆಯ ಈ ಕಥೆಯನ್ನು ಧರ್ಮೋಪದೇಶದ ತರಗತಿಯಲ್ಲಿ ಕೇಳದ ಕಥೋಲಿಕ ಮಕ್ಕಳು ವಿರಳ. ಆದರೆ ನಾವು ಹೇಳುವ ಕಥೆ ಸಾಮಾನ್ಯವಾಗಿ ಮಿಲಾನ್ ನಗರದ ಜ್ಞಾನಸ್ನಾನದ ತೊಟ್ಟಿಯ ಬಳಿ ಮುಗಿದುಹೋಗುತ್ತದೆ. ಆಗ ಅಗಸ್ಟೀನರಿಗೆ ಮೂವತ್ತೆರಡು ವರ್ಷ. ಅಲ್ಲಿಂದಾಚೆ ಅವರು ಇನ್ನೂ ನಲವತ್ತಮೂರು ವರ್ಷ ಬಾಳಿದರು. ಪಾಪದಿಂದ ಬಿಡುಗಡೆ ಹೊಂದಿದವನು ಆಮೇಲೆ ಹೇಗೆ ಬಾಳುತ್ತಾನೆ? ಮತ್ತೆ ಮತ್ತೆ ಎಡವುವವನು ಕ್ರೈಸ್ತನೆನಿಸಿಕೊಳ್ಳಬಹುದೇ? ಈ ಪ್ರಶ್ನೆಗಳಿಗೆ ಉತ್ತರವಿರುವುದು ಅವರ ಬಾಳಿನ ಈ ಎರಡನೆಯ ಭಾಗದಲ್ಲಿ.

ಅಗಸ್ಟೀನರು ಕ್ರಿ.ಶ. 354ರ ನವೆಂಬರ್ 13ರಂದು ಉತ್ತರ ಆಫ್ರಿಕದ ತಾಗಾಸ್ತೆಯಲ್ಲಿ, ಅಂದರೆ ಇಂದಿನ ಅಲ್ಜೀರಿಯ ದೇಶದಲ್ಲಿ ಜನಿಸಿದರು. ವಿದ್ಯಾಭ್ಯಾಸಕ್ಕೆಂದು ಕಾರ್ಥೇಜಿಗೆ ಹೋದವರು ಅಲ್ಲಿ ಒಬ್ಬ ಸ್ತ್ರೀಯೊಡನೆ ವಿವಾಹವಿಲ್ಲದೆ ಬಾಳಿ, ಅದೇವೊದಾತುಸ್ ಎಂಬ ಮಗನನ್ನು ಪಡೆದರು. ಮಾನಿಕೇಯರ ಮತಕ್ಕೆ ಮನಸೋತು ಒಂಬತ್ತು ವರ್ಷ ಅವರೊಡನಿದ್ದರು. ಮುಂದೆ ರೋಮಿಗೂ, 384ರಲ್ಲಿ ಮಿಲಾನಿಗೂ ಅಲಂಕಾರಶಾಸ್ತ್ರದ ಉಪಾಧ್ಯಾಯರಾಗಿ ಹೋದರು. ಅಲ್ಲಿನ ಧರ್ಮಾಧ್ಯಕ್ಷರಾದ ಸಂತ ಅಂಬ್ರೋಸರ ಪ್ರಬೋಧನೆಗಳು ಅವರ ಬುದ್ಧಿಯ ಸಂದೇಹಗಳನ್ನು ಕಳೆದವು. 386ರಲ್ಲಿ ತೋಟವೊಂದರಲ್ಲಿ ಸಂತ ಪೌಲರ ಪತ್ರವನ್ನು ಓದಿದಾಗ ಇಚ್ಛೆಯ ಕಟ್ಟುಗಳೂ ಬಿಚ್ಚಿದವು. 387ರ ಪಾಸ್ಖ ಜಾಗರಣೆಯಲ್ಲಿ ಮಗನೊಡನೆಯೂ ಗೆಳೆಯ ಅಲಿಪಿಯುಸನೊಡನೆಯೂ ಅಂಬ್ರೋಸರಿಂದ ಜ್ಞಾನಸ್ನಾನ ಪಡೆದರು.

ಮುಂದಿನ ದಾರಿ ಹೂವಿನ ಹಾಸಿಗೆಯಾಗಿರಲಿಲ್ಲ. ಅದೇ ವರ್ಷ ಊರಿಗೆ ಮರಳುವಾಗ ಓಸ್ತಿಯಾ ಬಂದರಿನಲ್ಲಿ ತಾಯಿ ತೀರಿಕೊಂಡರು. ತಾಗಾಸ್ತೆಗೆ ಬಂದು ಗೆಳೆಯರೊಡನೆ ಪ್ರಾರ್ಥನೆಯ ಬಾಳನ್ನು ಆರಂಭಿಸಿದ ಕೆಲವೇ ಕಾಲದಲ್ಲಿ ಮಗನೂ ಹರೆಯದಲ್ಲೇ ಅಗಲಿದನು. 391ರಲ್ಲಿ ಹಿಪ್ಪೋ ಪಟ್ಟಣಕ್ಕೆ ಹೋದಾಗ ಅಲ್ಲಿನ ಭಕ್ತಜನರು ಅವರನ್ನು ಹಿಡಿದು ನಿಲ್ಲಿಸಿ, ಗುರುಪಟ್ಟ ಸ್ವೀಕರಿಸುವಂತೆ ಮಾಡಿದರು. ಅವರು ಅಳುತ್ತಲೇ ಒಪ್ಪಿದರು. ನಾಲ್ಕೈದು ವರ್ಷಗಳಲ್ಲಿ ಅದೇ ಊರಿನ ಧರ್ಮಾಧ್ಯಕ್ಷರಾದರು.

ಧರ್ಮಾಧ್ಯಕ್ಷರಾದ ಮೇಲೆ, 397ರ ಸುಮಾರಿಗೆ, ಅವರು ತಮ್ಮ ಪ್ರಸಿದ್ಧ ಆತ್ಮನಿವೇದನೆಯನ್ನು ಬರೆಯತೊಡಗಿದರು. ಅದರ ಹದಿಮೂರು ಭಾಗಗಳಲ್ಲಿ ಮೊದಲ ಒಂಬತ್ತು ಕಳೆದ ಬಾಳಿಗೆ ಸಂಬಂಧಿಸಿದವು. ಹತ್ತನೆಯ ಭಾಗವು ಅಂದು ಲೇಖನಿ ಹಿಡಿದಿದ್ದ ಧರ್ಮಾಧ್ಯಕ್ಷರನ್ನೇ ಕುರಿತದ್ದು. ಹಳೆಯ ದುರಭ್ಯಾಸಗಳ ಚಿತ್ರಗಳು ಕನಸಿನಲ್ಲಿ ಇನ್ನೂ ಬಂದು ಕಾಡುತ್ತವೆಂದು ಅವರು ಒಪ್ಪಿಕೊಳ್ಳುತ್ತಾರೆ. ಔಷಧಿಯಂತೆ ಸೇವಿಸಬೇಕಾದ ಆಹಾರದಲ್ಲಿ ಅಗತ್ಯವೆಲ್ಲಿ ಮುಗಿದು ಚಪಲವೆಲ್ಲಿ ಮೊದಲಾಗುತ್ತದೆಂಬುದು ತಮಗೆ ತಿಳಿಯದೆನ್ನುತ್ತಾರೆ. ದೇವಾಲಯದ ಗಾನದಲ್ಲಿ ಅರ್ಥಕ್ಕಿಂತ ಇಂಪೇ ಮನಸ್ಸನ್ನು ಸೆಳೆದಾಗ ಅದನ್ನು ದೋಷವೆಂದೇ ಎಣಿಸುತ್ತಾರೆ. ಹಲ್ಲಿಯು ನೊಣ ಹಿಡಿಯುವುದನ್ನು ನೋಡುತ್ತ ಕುಳಿತರೂ ಮನಸ್ಸು ಪ್ರಾರ್ಥನೆಯಿಂದ ಜಾರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಜನರ ಹೊಗಳಿಕೆ ತಮಗೆ ಹಿತವೆನಿಸುತ್ತದೆಂಬುದನ್ನು ಮುಚ್ಚಿಡುವುದಿಲ್ಲ. ಜ್ಞಾನಸ್ನಾನ ಪಡೆದು ಹತ್ತು ವರ್ಷ ಕಳೆದ, ಸಹಸ್ರಾರು ಮಂದಿಗೆ ಗುರುವಾದವರ ಮಾತಿದು.

ಇದನ್ನು ಓದಿ ಮುಜುಗರಪಟ್ಟವರೂ ಇದ್ದರು. ರೋಮಿನಲ್ಲಿ ವಾಸವಾಗಿದ್ದ ಪೆಲಾಗಿಯುಸ್ ಎಂಬ ಬ್ರಿಟನ್ನಿನ ಸಂನ್ಯಾಸಿ ಶಿಸ್ತಿನ ಮನುಷ್ಯ. ಎಲ್ಲವನ್ನೂ ದೈವಕೃಪೆಗೆ ಬಿಟ್ಟರೆ ಜನರು ಸೋಮಾರಿಗಳಾಗುವರೆಂಬುದು ಅವನ ಭಯ. ಮನುಷ್ಯನು ಮನಸ್ಸು ಮಾಡಿದರೆ ಪಾಪವಿಲ್ಲದೆ ಬಾಳಬಲ್ಲನೆಂದು ಅವನು ಬೋಧಿಸಿದನು. ಕೇಳಲು ಇದು ಉತ್ಸಾಹದ ಬೋಧನೆ. ಆದರೆ ಅದು ಬಿದ್ದವನನ್ನು ಅವನ ಬಲಕ್ಕೇ ಒಪ್ಪಿಸಿ ಕೈಬಿಡುತ್ತದೆಂಬುದನ್ನು ಅಗಸ್ಟೀನರು ಕಂಡರು. ಸಂತರೂ ದಿನದಿನವೂ ಪರಲೋಕ ಮಂತ್ರದಲ್ಲಿ ತಮ್ಮ ತಪ್ಪುಗಳಿಗೆ ಕ್ಷಮೆ ಬೇಡುವುದು ಕೇವಲ ವಿನಯದ ನಟನೆಯಲ್ಲ, ಸತ್ಯವಾದ ಬೇಡಿಕೆ ಎಂದು ಅವರು ವಾದಿಸಿದರು. 418ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಧರ್ಮಾಧ್ಯಕ್ಷರ ಸಭೆಯೂ ಇದನ್ನೇ ನಿರ್ಣಯಿಸಿತು.

ಇನ್ನೊಂದು ಕಡೆ ದೊನಾತಿಸ್ತರಿದ್ದರು. ಹಿಂಸೆಯ ಕಾಲದಲ್ಲಿ ಪವಿತ್ರ ಗ್ರಂಥಗಳನ್ನು ಅಧಿಕಾರಿಗಳಿಗೊಪ್ಪಿಸಿದವರ ಪಾಲುಗಾರಿಕೆಯಿಂದ ಧರ್ಮಸಭೆ ಮಲಿನವಾಯಿತು, ಪಾಪಿಯಾದ ಗುರು ಕೊಟ್ಟ ಸಂಸ್ಕಾರ ಸಂಸ್ಕಾರವೇ ಅಲ್ಲ ಎಂಬುದು ಅವರ ವಾದ. 411ರಲ್ಲಿ ಕಾರ್ಥೇಜಿನಲ್ಲಿ ಎರಡೂ ಪಕ್ಷಗಳ ಐನೂರಕ್ಕೂ ಹೆಚ್ಚು ಧರ್ಮಾಧ್ಯಕ್ಷರು ಎದುರುಬದುರಾದರು. ಜ್ಞಾನಸ್ನಾನ ಕೊಡುವವರು ಕ್ರಿಸ್ತರೇ, ಗುರುವಿನ ಯೋಗ್ಯತೆಯಿಂದ ಅದು ಹೆಚ್ಚುವುದೂ ಇಲ್ಲ, ಕುಗ್ಗುವುದೂ ಇಲ್ಲ ಎಂಬುದು ಅಗಸ್ಟೀನರ ನಿಲುವು. ಗೋಧಿಯೂ ಕಳೆಯೂ ಸುಗ್ಗಿಯ ತನಕ ಒಂದೇ ಹೊಲದಲ್ಲಿ ಬೆಳೆಯುವವೆಂಬ ಸಾಮತಿಯನ್ನು ಅವರು ಪದೇ ಪದೇ ನೆನಪಿಸಿದರು. ಆದರೆ ಇದೇ ದೊನಾತಿಸ್ತರ ಮೇಲೆ ರಾಜಬಲದ ಪ್ರಯೋಗವನ್ನು ಅವರು ಕಡೆಗೆ ಸಮರ್ಥಿಸಿದರೆಂಬುದನ್ನೂ ನಾವು ಮರೆಮಾಚಬಾರದು. ಸಂತರ ಎಲ್ಲ ನಡೆಗಳೂ ಅನುಕರಣೀಯವಲ್ಲ. ಕೃಪೆಯ ಅಗತ್ಯ ಅವರಿಗೂ ಇತ್ತು.

ಹಾಗಾದರೆ ಜ್ಞಾನಸ್ನಾನದಲ್ಲಿ ಆಗುವುದೇನು? ಅಗಸ್ಟೀನರ ಪ್ರಕಾರ ಅಪರಾಧವೆಲ್ಲ ಅಲ್ಲಿ ತೊಳೆದುಹೋಗುತ್ತದೆ. ಪಾಪದೆಡೆಗಿನ ಒಲವು ಮಾತ್ರ ಉಳಿಯುತ್ತದೆ. ಜ್ವರ ಬಿಡುವುದು ಬೇರೆ, ಜ್ವರ ತಂದ ನಿತ್ರಾಣ ನೀಗುವುದು ಬೇರೆ. ಮೊದಲನೆಯದು ಒಂದೇ ಗಳಿಗೆಯಲ್ಲಿ ಆದೀತು. ಎರಡನೆಯದಕ್ಕೆ ದಿನದಿನದ ಆರೈಕೆ ಬೇಕು. ಒಳ್ಳೆಯ ಸಮಾರಿಯದವನು ಗಾಯಾಳುವನ್ನು ಸೇರಿಸಿದ ಛತ್ರವೇ ಧರ್ಮಸಭೆ ಎಂದು ಅವರು ವಿವರಿಸಿದರು. ಛತ್ರದಲ್ಲಿ ಮಲಗಿರುವವನು ಇನ್ನೂ ನರಳುತ್ತಿದ್ದರೂ ದಾರಿಯಲ್ಲಿ ಬಿದ್ದಿರುವವನಲ್ಲ, ಅವನು ರಕ್ಷಿಸಲ್ಪಟ್ಟವನೇ. ಆದರೆ ಆರೈಕೆ ಸಾಕೆಂದು ಎದ್ದುಹೋಗುವ ಸ್ಥಿತಿಯಲ್ಲೂ ಅವನಿಲ್ಲ. ಆದ್ದರಿಂದ ಅವರು ಎರಡು ಅಪಾಯಗಳ ಬಗ್ಗೆ ಎಚ್ಚರಿಸಿದರು. ಇನ್ನು ಕ್ಷಮೆಯಿಲ್ಲವೆಂದು ನಿರಾಶನಾಗುವವನಿಗಾಗಿ ದೇವರು ಪಶ್ಚಾತ್ತಾಪವೆಂಬ ಬಂದರನ್ನು ತೆರೆದಿದ್ದಾರೆ. ನಾಳೆ ನೋಡೋಣವೆಂದು ಮುಂದೂಡುವವನಿಗಾಗಿ ಮರಣದ ದಿನವನ್ನು ಗುಟ್ಟಾಗಿರಿಸಿದ್ದಾರೆ.

ಈ ಎಚ್ಚರ ಅವರ ಮನೆಯಲ್ಲೂ ಇತ್ತು. ಇಲ್ಲದವರ ಬಗ್ಗೆ ಚಾಡಿಯಾಡುವವರಿಗೆ ಇಲ್ಲಿ ಸ್ಥಳವಿಲ್ಲವೆಂಬ ಅರ್ಥದ ಸಾಲುಗಳನ್ನು ಊಟದ ಮೇಜಿನ ಮೇಲೆ ಬರೆಸಿದ್ದರು. ಒಮ್ಮೆ ಸಹಧರ್ಮಾಧ್ಯಕ್ಷರೇ ಅದನ್ನು ಮರೆತಾಗ, ಆ ಸಾಲುಗಳನ್ನು ಅಳಿಸಬೇಕು, ಇಲ್ಲವೇ ತಾವು ಊಟದ ನಡುವೆ ಎದ್ದು ಹೋಗಬೇಕು ಎಂದು ಗದರಿಸಿದರಂತೆ. ಇದನ್ನು ದಾಖಲಿಸಿದವರು ಅವರೊಡನೆ ಸುಮಾರು ನಲವತ್ತು ವರ್ಷ ಒಡನಾಡಿದ ಪೊಸ್ಸಿದಿಯುಸರು. ಮುಪ್ಪಿನಲ್ಲಿ, 427ರ ಸುಮಾರಿಗೆ, ಅಗಸ್ಟೀನರು ತಮ್ಮ ಗ್ರಂಥಗಳನ್ನೆಲ್ಲ ಮತ್ತೆ ಓದಿ ತಪ್ಪುಗಳನ್ನು ತಾವೇ ತಿದ್ದಿದರು. ಹೀಗೆ ಅವರು ಪರಿಶೀಲಿಸಿದ ಕೃತಿಗಳು 93.

430ರಲ್ಲಿ ವ್ಯಾಂಡಲರ ಸೇನೆ ಹಿಪ್ಪೋವನ್ನು ಮುತ್ತಿತು. ಮುತ್ತಿಗೆಯ ಮೂರನೆಯ ತಿಂಗಳಲ್ಲಿ ಅಗಸ್ಟೀನರು ಜ್ವರದಿಂದ ಹಾಸಿಗೆ ಹಿಡಿದರು. ಎಷ್ಟೇ ಪುಣ್ಯವಂತನಾದರೂ ಪಶ್ಚಾತ್ತಾಪವಿಲ್ಲದೆ ಈ ಲೋಕ ಬಿಡಬಾರದೆಂದು ಅವರು ಹೇಳುತ್ತಿದ್ದರು. ಅದರಂತೆಯೇ ದಾವೀದರ ಪಶ್ಚಾತ್ತಾಪದ ಕೀರ್ತನೆಗಳನ್ನು ಬರೆಸಿ, ಹಾಸಿಗೆಯಿಂದ ಕಾಣುವಂತೆ ಗೋಡೆಗೆ ಹಚ್ಚಿಸಿದರು. ಕೊನೆಯ ಸುಮಾರು ಹತ್ತು ದಿನ ವೈದ್ಯರೂ ಆಹಾರ ತರುವವರೂ ಹೊರತು ಯಾರೂ ಒಳಗೆ ಬಾರದಂತೆ ಕೇಳಿಕೊಂಡು, ಅವನ್ನು ಓದುತ್ತ, ಕಣ್ಣೀರಿಡುತ್ತ, ಪ್ರಾರ್ಥಿಸುತ್ತ ಕಳೆದರು. ಆಗಸ್ಟ್ 28ರಂದು ತಮ್ಮ ಎಪ್ಪತ್ತೈದನೆಯ ವಯಸ್ಸಿನಲ್ಲಿ ಮಡಿದರು. ಉಯಿಲು ಬರೆಯಲಿಲ್ಲ, ಬರೆಯಲು ಆಸ್ತಿಯೇ ಇರಲಿಲ್ಲ.

ಆ ಕಣ್ಣೀರು ಭಯದ ಕಣ್ಣೀರಲ್ಲ. ತಾನು ದೇವರ ಮಗನೆಂದು ಬಲ್ಲವನು ಮಾತ್ರ ತಂದೆಯ ಮುಂದೆ ಹಾಗೆ ಅಳಬಲ್ಲನು. ನಮ್ಮ ಕುಟುಂಬಗಳಲ್ಲಿ ಅದೇ ಪಾಪವನ್ನು ಎಷ್ಟು ಸಲ ಹೇಳಿಕೊಳ್ಳುವುದೆಂಬ ನಾಚಿಕೆಯಿಂದ ವರ್ಷಗಟ್ಟಲೆ ಪಾಪನಿವೇದನೆಗೆ ಬಾರದವರಿದ್ದಾರೆ. ಕುಡಿತವನ್ನು ಬಿಟ್ಟು ಮತ್ತೆ ಬಿದ್ದವರು, ಸಹೋದರನೊಡನೆ ರಾಜಿಯಾಗಿ ಮತ್ತೆ ಮುನಿದವರು, ತಾವು ಕ್ರೈಸ್ತರೆನಿಸಿಕೊಳ್ಳಲು ಅರ್ಹರಲ್ಲವೆಂದು ದೇವಾಲಯದ ಹಿಂಬಾಗಿಲ ಬಳಿಯೇ ನಿಲ್ಲುವವರಿದ್ದಾರೆ. ಅರ್ಹತೆಯಿಂದ ಯಾರೂ ಕ್ರೈಸ್ತರಾಗಲಿಲ್ಲ, ಅಗಸ್ಟೀನರೂ ಆಗಲಿಲ್ಲ. ಜ್ಞಾನಸ್ನಾನದ ಮುದ್ರೆ ಅಳಿಯುವಂಥದ್ದಲ್ಲ. ಛತ್ರದ ಬಾಗಿಲು ತೆರೆದೇ ಇದೆ. ಈ ಶನಿವಾರ ಸಂಜೆ ಪಾಪನಿವೇದನೆಯ ಸಾಲಿನಲ್ಲಿ ನಿಲ್ಲುವಾಗ, ನಾವು ಹಿಪ್ಪೋದ ಧರ್ಮಾಧ್ಯಕ್ಷರ ಹಿಂದೆಯೇ ನಿಂತಿದ್ದೇವೆಂದು ಭಾವಿಸೋಣ.