ಶಸ್ತ್ರವೈದ್ಯ ಸುಶ್ರುತ

ಸುಶ್ರುತನ ಚರಿತ್ರೆಯನ್ನು ಬರೆಯಹೊರಟವನಿಗೆ ಹುಟ್ಟಿದ ವರ್ಷವೂ ಸಿಕ್ಕದು, ಮಡಿದ ವರ್ಷವೂ ಸಿಕ್ಕದು. ಅವನು ವಿಶ್ವಾಮಿತ್ರನ ಮಗ, ಕಾಶಿಯ ದಿವೋದಾಸ ಧನ್ವಂತರಿಯ ಶಿಷ್ಯ ಎಂದು ಸುಶ್ರುತಸಂಹಿತೆ ತಿಳಿಸುತ್ತದೆ. ಉಳಿದುದನ್ನು ಅವನ ಕೈಗೆಲಸದಿಂದಲೇ ಅರಿಯಬೇಕು.

ಶಿಷ್ಯನಿಗೆ ಅವನು ಮೊದಲು ರೋಗಿಯನ್ನು ಒಪ್ಪಿಸಲಿಲ್ಲ. ಕುಂಬಳ, ಸೋರೆ, ಸೌತೆಗಳನ್ನು ಒಪ್ಪಿಸಿದನು. ಹಲ್ಲು ಕೀಳುವುದನ್ನು ಸತ್ತ ಪಶುವಿನ ಬಾಯಲ್ಲಿ ಕಲಿಸಿದನು. ತುಟಿ, ವಸಡು, ಹಲ್ಲು, ನಾಲಗೆ, ಅಂಗುಳ, ಗಂಟಲು, ಇಡಿಯ ಬಾಯಿ ಎಂಬ 7 ನೆಲೆಗಳಲ್ಲಿ 65 ಬೇನೆಗಳನ್ನು ಎಣಿಸಿದನು. ಅಂಗುಳಿನ ಅರ್ಬುದವನ್ನು ವಾಸಿಯಾಗದವುಗಳ ಸಾಲಿಗೆ ಸೇರಿಸಿದನು. ವೈದ್ಯನು ಹೀಗೆ ಒಪ್ಪಿಕೊಳ್ಳುವುದು ಸಣ್ಣ ಮಾತಲ್ಲ.

ಹರಿದ ಮೂಗಿಗೆ ಅವನು ಹೇಳಿದ ಉಪಾಯವನ್ನು ಓದಿ ನಾನು ಬೆರಗಾದೆನು. ಎಲೆಯೊಂದನ್ನು ಅಳತೆಗೆ ಕತ್ತರಿಸಿ, ಅಷ್ಟೇ ಮಾಂಸವನ್ನು ಕೆನ್ನೆಯಿಂದ ಬುಡ ಬಿಡಿಸದೆ ಎತ್ತಿ ಹೊಲಿಯಬೇಕು. ಉಸಿರಿಗೆ ಎರಡು ಕೊಳವೆ ಇಡಬೇಕು. ಮೇಲೆ ಬಿಳಿಯ ಅರಳೆ ಹೊದಿಸಿ ಎಳ್ಳೆಣ್ಣೆ ಹನಿಸಬೇಕು. ತುಟಿಗೂ ಇದೇ ಕ್ರಮ, ಕೊಳವೆ ಮಾತ್ರ ಬೇಡ.

ಈ ವಿದ್ಯೆ ಅಳಿಯಲಿಲ್ಲ. 1792ರ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಯಾಗಿ ಮೂಗು ಕಳೆದುಕೊಂಡ, ಇಂಗ್ಲಿಷರ ದಂಡಿನ ಎತ್ತುಗಾರ ಕಾವಸ್‌ಜಿಗೆ ಪುಣೆಯ ಬಳಿಯ ವೈದ್ಯನೊಬ್ಬ ಹಣೆಯ ಚರ್ಮದಿಂದ ಮೂಗು ಕಟ್ಟಿಕೊಟ್ಟನು. 1794ರಲ್ಲಿ ಲಂಡನ್ನಿನ ಪತ್ರಿಕೆ ಅದನ್ನು ಅಚ್ಚು ಹಾಕಿತು.

ನಮ್ಮ ತೊರಗಲ್ ಸೀಮೆಯಲ್ಲಿ ಸುಣ್ಣ ತಂಬಾಕು ತಿಕ್ಕಿ ತುಟಿಯೊಳಗಿಡುವವರು ಬಹಳ. ಸುಶ್ರುತನ ಕಾಲಕ್ಕೆ ನಮ್ಮ ದೇಶದಲ್ಲಿ ತಂಬಾಕೇ ಇರಲಿಲ್ಲ! ನಮ್ಮ ಓಣಿಯ ಹಿರಿಯರೊಬ್ಬರ ಕೆನ್ನೆಯನ್ನು ಕ್ಯಾನ್ಸರ್ ತಿಂದಿತು. ವೈದ್ಯರು ಅದನ್ನು ಕೊಯ್ದು ತೆಗೆದು, ಎದೆಯ ಮಾಂಸವನ್ನು ಬುಡ ಬಿಡಿಸದೆ ಮೇಲಕ್ಕೆ ತಿರುಗಿಸಿ ಹೊಲಿದರು. ಅವರು ಈಗ ಅಂಬಲಿ ಕುಡಿಯುತ್ತಾರೆ.