ಸುರಪುರದ ಮಹಾದೇವ ಬಾಬಾ: ಕರ್ನಲ್ ಮೆಡೋಸ್ ಟೇಲರ್

ಹೈದರಾಬಾದಿನಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಕಲಬುರಗಿ, ರಾಯಚೂರು, ಯಾದಗಿರಿ ಸೀಮೆಗಳಿಂದ ಬಂದವರ ಸಂಖ್ಯೆ ಬಹಳ. ನಾಚಾರಂನಲ್ಲಿರುವ ನಮಗೆ ಸಿಕಂದರಾಬಾದಿನ ದಂಡುಪ್ರದೇಶವಾಗಲಿ ಬೊಲಾರಂ ಆಗಲಿ ದೂರವಲ್ಲ. ಆ ಹಾದಿಯಲ್ಲಿ ನಿತ್ಯ ಓಡಾಡುವ ನಾವು, ಕನ್ನಡನಾಡಿನ ಒಂದು ಸಂಸ್ಥಾನದ ಹಣೆಬರಹವು ಅಲ್ಲಿಯೇ ನಿರ್ಧಾರವಾಯಿತೆಂಬುದನ್ನು ನೆನೆಯುವುದು ಅಪರೂಪ. ಆ ಸಂಸ್ಥಾನ ಸುರಪುರ. ಅದರೊಡನೆ ಬಿಡಿಸಲಾಗದಂತೆ ಹೆಣೆದುಕೊಂಡ ಹೆಸರು ಫಿಲಿಪ್ ಮೆಡೋಸ್ ಟೇಲರ್ ಎಂಬ ಆಂಗ್ಲ ಅಧಿಕಾರಿಯದು.

ಟೇಲರನು 1808ರ ಸೆಪ್ಟೆಂಬರ್ 25ರಂದು ಲಿವರ್‌ಪೂಲಿನಲ್ಲಿ ಜನಿಸಿದನು. ತಂದೆಯ ವ್ಯಾಪಾರ ಕುಸಿದುದರಿಂದ, ಇನ್ನೂ ಹದಿನಾರು ತುಂಬದ ಹುಡುಗನನ್ನು 1824ರಲ್ಲಿ ಮುಂಬಯಿಯ ಒಬ್ಬ ವರ್ತಕನ ಬಳಿಗೆ ಕಳುಹಿಸಲಾಯಿತು. ಮುಂದೆ ಪಾಲುದಾರನಾಗುವನೆಂಬ ಆಸೆಯನ್ನು ತೋರಿಸಿದ್ದರು. ಬಂದು ನೋಡಿದರೆ ಆ ಅಂಗಡಿಯೇ ದಿವಾಳಿಯ ಅಂಚಿನಲ್ಲಿತ್ತು! ಬಂಧುವೊಬ್ಬರ ಶಿಫಾರಸಿನಿಂದ ಅದೇ ವರ್ಷ ನಿಜಾಮರ ಸೈನ್ಯದಲ್ಲಿ ಅವನಿಗೆ ಕೆಲಸ ದೊರೆಯಿತು. ಇದು ಕಂಪನಿ ಸರಕಾರದ ನೇರ ನೌಕರಿಯಲ್ಲ. ಹೀಗಾಗಿ ಜೀವಮಾನವಿಡೀ ಅವನು ಸ್ವದೇಶೀಯರ ನಡುವೆ ಎರಡನೆಯ ದರ್ಜೆಯವನಾಗಿಯೇ ಉಳಿದನು. ಈ ನೆಲದ ಜನರಿಗೆ ಅವನು ಹತ್ತಿರವಾದುದಕ್ಕೆ ಅದೂ ಒಂದು ಕಾರಣವಿರಬಹುದೆಂದು ನಮಗೆ ತೋರುತ್ತದೆ.

ಅವನು ವರಿಸಿದ್ದು ಹೈದರಾಬಾದಿನ ಹೆಸರಾಂತ ಸಾಹುಕಾರ ವಿಲಿಯಂ ಪಾಮರನ ಮಗಳು ಮೇರಿಯನ್ನು. ಪಾಮರನ ತಂದೆ ಆಂಗ್ಲ ಸೇನಾನಿ, ತಾಯಿ ಫೈಜ್ ಬಕ್ಷ್ ಬೇಗಂ. ಬ್ಯಾಂಕಿನ ನೌಕರಿಯಲ್ಲಿರುವ ನಮಗೆ ಈ ಪಾಮರ್ ಕಂಪನಿಯ ಕಥೆ ವಿಶೇಷ ಕುತೂಹಲದ್ದು. ನಿಜಾಮ ಸರಕಾರಕ್ಕೆ ದುಬಾರಿ ಬಡ್ಡಿಗೆ ಸಾಲ ಕೊಡುತ್ತಿದ್ದ ಈ ಸಂಸ್ಥೆಯು 1820ರಲ್ಲಿ 60 ಲಕ್ಷ ರೂಪಾಯಿಗಳ ಸಾಲದ ಏರ್ಪಾಡು ಮಾಡಿತು. ಹೊಸದಾಗಿ ಬಂದ ರೆಸಿಡೆಂಟ್ ಮೆಟ್‌ಕಾಫನು ಅದರ ಬೆನ್ನು ಹತ್ತಿದನು. 1824ರಲ್ಲಿ ಸಂಸ್ಥೆ ಮುಳುಗಿತು. ದೇಶೀಯ ಸಂಸ್ಥಾನಗಳನ್ನು ಕತ್ತಿಯಿಂದ ಗೆದ್ದ ಕಥೆಗಳನ್ನು ನಾವು ಶಾಲೆಯಲ್ಲಿ ಓದಿದ್ದೇವೆ. ಸಾಲದ ಪತ್ರದಿಂದ ಗೆದ್ದ ಕಥೆಗಳನ್ನು ಅಷ್ಟಾಗಿ ಓದಿಲ್ಲ.

ಸುರಪುರದ ಕಥೆಯೂ ಸಾಲದಿಂದಲೇ ಆರಂಭ. ಔರಂಗಜೇಬನು 1705ರಲ್ಲಿ ತನ್ನ ಕೊನೆಯ ಮುತ್ತಿಗೆಯನ್ನು ಹಾಕಿದ್ದು ಇದೇ ಬೇಡ ನಾಯಕರ ವಾಗಿನಗೇರಿ ಕೋಟೆಗೆ. ಅಂಥವರ ವಂಶದ ಕೃಷ್ಣಪ್ಪ ನಾಯಕನು 1828ರಲ್ಲಿ ಪಟ್ಟವೇರುವಾಗ ನಿಜಾಮ ಸರಕಾರಕ್ಕೆ 15 ಲಕ್ಷ ರೂಪಾಯಿ ನಜರಾಣೆ ತೆರಬೇಕಾಯಿತು. ಆ ಹೊರೆಯಿಂದ ಸಂಸ್ಥಾನ ಮೇಲೇಳಲಿಲ್ಲ. ಅವನು ತೀರಿಕೊಂಡಾಗ ಮಗ ವೆಂಕಟಪ್ಪ ಇನ್ನೂ ಏಳೆಂಟು ವರ್ಷದ ಬಾಲಕ. ರಾಣಿ ಈಶ್ವರಮ್ಮನ ಪಕ್ಷ ಒಂದು ಕಡೆ, ಚಿಕ್ಕಪ್ಪ ಪಿಡ್ಡ ನಾಯಕನ ಪಕ್ಷ ಇನ್ನೊಂದು ಕಡೆ. ಈ ಗೊಂದಲವನ್ನು ಸರಿಪಡಿಸಲು ರೆಸಿಡೆಂಟ್ ಫ್ರೇಸರನು ಕಳುಹಿಸಿದ್ದು ಟೇಲರನನ್ನು. ಅವನು 1853ರವರೆಗೆ ಸಂಸ್ಥಾನದ ಆಡಳಿತ ನೋಡಿಕೊಂಡನು. ಬಾಲರಾಜನ ಪಾಲಕನೂ ಆದನು. ಹುಡುಗನು ಅವನನ್ನು ಅಪ್ಪಾ ಎಂದೇ ಕರೆಯುತ್ತಿದ್ದನಂತೆ. ಕಂದಾಯ ವ್ಯವಸ್ಥೆ, ರಸ್ತೆ, ಕೆರೆ ಎಲ್ಲದಕ್ಕೂ ಅವನು ಕೈಹಾಕಿದನು. ಜನರು ಅವನಿಗೆ ಮಹಾದೇವ ಬಾಬಾ ಎಂದು ಹೆಸರಿಟ್ಟರು. ಗುಡ್ಡದ ಮೇಲೆ ಅವನು ಕಟ್ಟಿಸಿದ ಟೇಲರ್ ಮಂಜಿಲ್ ಇಂದಿಗೂ ಸುರಪುರದಲ್ಲಿದೆ. ರಾಜನಕೋಳೂರು, ಜೇವರ್ಗಿಯ ಸುತ್ತಲಿನ ಬೃಹತ್ ಶಿಲಾಗೋರಿಗಳನ್ನು ಅಳೆದು, ಅಗೆದು, ಅವುಗಳ ಬಗ್ಗೆ ಮೊದಲಿಗೆ ಬರೆದವರಲ್ಲಿ ಅವನೂ ಒಬ್ಬ.

1853ರಲ್ಲಿ ಪ್ರಾಪ್ತವಯಸ್ಕನಾದ ರಾಜನಿಗೆ ಸಂಸ್ಥಾನವನ್ನು ಒಪ್ಪಿಸಿ ಟೇಲರನು ನಳದುರ್ಗಕ್ಕೆ ಹೋದನು. ನಳದುರ್ಗವೂ ಅದೇ ವರ್ಷ, ಸೈನ್ಯದ ವೆಚ್ಚದ ಬಾಕಿಗಾಗಿ, ನಿಜಾಮರು ಬಿಟ್ಟುಕೊಟ್ಟ ಪ್ರದೇಶ. 1857ರ ದಂಗೆಯ ಹೊತ್ತಿಗೆ ಅವನನ್ನು ಬೇರಾರಿನ ಬುಲ್ಡಾಣಾಕ್ಕೆ, ಸೈನ್ಯದ ಬೆಂಬಲವಿಲ್ಲದೆಯೇ ಕಳುಹಿಸಲಾಯಿತು. ಅಲ್ಲಿ ಶಾಂತಿ ಕದಡಲಿಲ್ಲ.

ಇತ್ತ ಸುರಪುರದಲ್ಲಿ ಅರಬರು, ರೋಹಿಲರು ಸೇರತೊಡಗಿದ್ದರು. ಯುವ ರಾಜನಿಗೆ ಬುದ್ಧಿ ಹೇಳಲು ಕ್ಯಾಂಪ್‌ಬೆಲ್ ಎಂಬ ಅಧಿಕಾರಿ ಬಂದನು, ಪ್ರಯೋಜನವಾಗಲಿಲ್ಲ. 1858ರ ಫೆಬ್ರವರಿ 7 ಮತ್ತು 8ರಂದು ಕಾಳಗ ನಡೆಯಿತು. ಆಂಗ್ಲರ ಕಡೆಯ ಕ್ಯಾಪ್ಟನ್ ನ್ಯೂಬೆರಿ ಮಡಿದನು. ಹೆಚ್ಚಿನ ಸೈನ್ಯ ಬರುತ್ತಿರುವುದನ್ನು ತಿಳಿದು ವೆಂಕಟಪ್ಪ ನಾಯಕನು ಹೈದರಾಬಾದಿಗೆ ಬಂದನು. ಇಲ್ಲಿ ಆಶ್ರಯ ದೊರೆಯಲಿಲ್ಲ. ಸಾಲಾರ್ ಜಂಗರು ಅವನನ್ನು ರೆಸಿಡೆಂಟನಿಗೆ ಒಪ್ಪಿಸಿದರು.

ಸಿಕಂದರಾಬಾದಿನ ಸೆರೆಯಲ್ಲಿ ಟೇಲರನು ರಾಜನನ್ನು ಕಂಡನು. ಅವನ ಆತ್ಮಕಥೆಯ ಅತ್ಯಂತ ಹೃದಯಸ್ಪರ್ಶಿಯಾದ ಭಾಗವಿದು. ಪ್ರಚೋದಿಸಿದವರ ಹೆಸರು ಹೇಳಿದರೆ ಅನುಕೂಲವಾದೀತೆಂದರೂ ನಾಯಕನು ಬಾಯಿ ಬಿಡಲಿಲ್ಲ. ಕಳ್ಳನಂತೆ ನೇಣಿಗೇರುವುದು ಬೇಡ, ತೋಪಿನ ಬಾಯಿಗೆ ಕಟ್ಟಿ ಹಾರಿಸಲಿ ಎಂಬುದಷ್ಟೇ ಅವನ ಬಿನ್ನಹವಾಗಿತ್ತು. ಮರಣದಂಡನೆಯನ್ನು ರೆಸಿಡೆಂಟನು ಕರಿನೀರಿನ ಶಿಕ್ಷೆಗೆ ಇಳಿಸಿದನು. ಗವರ್ನರ್ ಜನರಲ್ ಅದನ್ನೂ ಇಳಿಸಿ ಮದರಾಸಿನ ಬಳಿಯ ಚೆಂಗಲ್ಪಟ್ಟಿನ ಕೋಟೆಯಲ್ಲಿ 4 ವರ್ಷಗಳ ಸೆರೆ ಎಂದನು. ಅನಂತರ ಸಂಸ್ಥಾನ ಮರಳಿ ದೊರೆಯುವ ಭರವಸೆಯೂ ಇತ್ತು. ಆದರೆ ಅಲ್ಲಿಗೆ ಕರೆದೊಯ್ಯುವಾಗ, ಹಾದಿಯ ಮೊದಲ ಬೀಡಿನಲ್ಲೇ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ರಾಜನು ಬಲಿಯಾದನು. ತಾನೇ ಹಾರಿಸಿಕೊಂಡನೆಂದು ಟೇಲರನ ಬರಹ. ಆಂಗ್ಲರೇ ಕೊಂದರೆಂದು ಸುರಪುರದ ಕಡೆಯ ನಂಬಿಕೆ. ಆಗ ಅವನಿಗೆ 24 ವರ್ಷ. ಜಾತಕದಲ್ಲಿ ಅದೇ ವಯಸ್ಸಿನ ಗಂಡಾಂತರ ಬರೆದಿತ್ತೆಂದು ರಾಣಿ ಈಶ್ವರಮ್ಮ ಮೊದಲೇ ಹೇಳಿದ್ದಳೆಂದು ಟೇಲರನು ದಾಖಲಿಸಿದ್ದಾನೆ. ಜಾತಕದ ಮಾತು ಹಾಗಿರಲಿ, ಸಾಕಿದವನೂ ಸೆರೆ ಹಿಡಿದವರ ಪಕ್ಷದವನೇ ಆಗಿದ್ದ ಸಂಕಟವನ್ನು ಆ ಪುಟಗಳಲ್ಲಿ ಕಾಣಬಹುದು. ಟೇಲರನ ಒಳ್ಳೆಯತನದಲ್ಲಿ ನಮಗೆ ಸಂದೇಹವಿಲ್ಲ. ಆದರೆ ಆ ಒಳ್ಳೆಯತನವು ಯಾರ ಹಂಗಿನಲ್ಲಿತ್ತೋ ಆ ಆಳ್ವಿಕೆಯ ನ್ಯಾಯವನ್ನು ಅವನು ಕೊನೆಯವರೆಗೂ ಪ್ರಶ್ನಿಸಲಿಲ್ಲ.

1860ರ ಒಪ್ಪಂದದಲ್ಲಿ, ದಂಗೆಯ ಕಾಲದ ನಿಷ್ಠೆಗೆ ಬಹುಮಾನವಾಗಿ, ನಿಜಾಮರ 50 ಲಕ್ಷ ರೂಪಾಯಿ ಸಾಲ ಮನ್ನಾ ಆಯಿತು. ರಾಯಚೂರು, ನಳದುರ್ಗಗಳು ಹಿಂದಿರುಗಿದವು. ಸುರಪುರವನ್ನೂ ಅವರಿಗೇ ಕೊಟ್ಟುಬಿಟ್ಟರು. ನಮ್ಮ ಹಿರಿಯರು 1948ರವರೆಗೆ ನಿಜಾಮರ ಪ್ರಜೆಗಳಾಗಿದ್ದುದರ ಹಿಂದೆ ಇಂಥ ಲೆಕ್ಕಾಚಾರಗಳಿವೆ.

ಅದೇ ವರ್ಷ ಆರೋಗ್ಯ ಕೆಟ್ಟು ಟೇಲರನು ತಾಯ್ನಾಡಿಗೆ ಮರಳಿ ಐರ್ಲೆಂಡಿನಲ್ಲಿ ನೆಲೆಸಿದನು. ಠಕ್ಕರ ಕುರಿತ ಕಾದಂಬರಿಯಿಂದ 1839ರಲ್ಲೇ ಪ್ರಸಿದ್ಧನಾಗಿದ್ದ ಅವನು ಮುಂದೆ ತಾರಾ, ಸೀತಾ ಮುಂತಾದವನ್ನು ಬರೆದನು. ವಿಜಾಪುರದ ಕಟ್ಟಡಗಳ ಮೇಲೆ, ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪದ ಮೇಲೆ 1866ರಲ್ಲಿ ಬಂದ ಛಾಯಾಚಿತ್ರ ಸಂಪುಟಗಳ ಬರಹದಲ್ಲಿಯೂ ಅವನ ಕೈಯಿದೆ. 1875ರಲ್ಲಿ ಸಾಲಾರ್ ಜಂಗರ ಆಹ್ವಾನದ ಮೇರೆಗೆ ಮತ್ತೊಮ್ಮೆ ಹೈದರಾಬಾದಿಗೆ ಬಂದನು. ಇಲ್ಲಿಯೇ ಕಣ್ಣಿನ ದೃಷ್ಟಿ ಪೂರ್ತಿ ಹೋಯಿತು. ಊರಿಗೆ ಮರಳುವ ದಾರಿಯಲ್ಲಿ, 1876ರ ಮೇ 13ರಂದು, ಫ್ರಾನ್ಸಿನ ಮೆಂಟನ್ ಎಂಬಲ್ಲಿ ತೀರಿಕೊಂಡನು. ಮರುವರ್ಷ ಅವನ ಆತ್ಮಕಥೆಯನ್ನು ಮಗಳು ಆಲಿಸ್ ಪ್ರಕಟಿಸಿದಳು.